ಬ್ರೆಡ್ ಭಾವ

ದೊಡ್ಡ ಸಂಸಾರ ಎಂದಮೇಲೆ ಅದರಲ್ಲೊಬ್ಬ ತಜ್ಞ ಇರಲೇಬೇಕು. ನಾನು ಹುಡುಗನಾಗಿದ್ದಾಗ ನಮ್ಮ ಕಡೆ ಆ ಸ್ಥಾನದಲ್ಲಿ ಹೋಮಿಯೋಪತಿ ಪೆಟ್ಟಿಗೆಯ ದೊಡ್ಡಪ್ಪ ಇದ್ದರು. ನೆಗಡಿಯಾದವರು ಅವರ ಕಿವಿಗೆ ಬೀಳದಂತೆ ಹಿತ್ತಲಿಗೆ ಹೋಗಿ ಸೀನಿ ಬರುತ್ತಿದ್ದರು. ಅವರ ಕಾಲ ಮುಗಿದ ಮೇಲೆ ಜಾತಕ ನೋಡುವ ಚಿಕ್ಕಪ್ಪ ಬಂದರು. ಆಮೇಲೆ ಬೆಳಿಗ್ಗೆ ಎದ್ದವರಿಗೆಲ್ಲ ತಂಬಿಗೆಗಟ್ಟಲೆ ನೀರು ಕುಡಿಸುವ ಸೋದರಮಾವ. ಈಗಿನ ಕಾಲದ ತಜ್ಞ ಯಾರೆಂದರೆ, ಮನೆಗೆ ಬೇಕಾದ ಬ್ರೆಡ್ಡು, ಬನ್ನು, ಬಿಸ್ಕತ್ತು, ರಸ್ಕು, ಹುಟ್ಟುಹಬ್ಬದ ಕೇಕು ಸಮಸ್ತವನ್ನೂ ಮನೆಯಲ್ಲೇ ಬೇಯಿಸುವವರು. ಬೆಂಗಳೂರಿನಲ್ಲಿ ಇಂಥವರೊಬ್ಬರಿಲ್ಲದ ಅಪಾರ್ಟ್‌ಮೆಂಟು ಸಿಗುವುದು ಕಷ್ಟ. ವಯಸ್ಸು ಐವತ್ತರ ಆಸುಪಾಸು ಅಥವಾ ಮೇಲೆ, ಬಹುಪಾಲು ಇಂಜಿನಿಯರು, ಅಲ್ಲಿಯವರೆಗೆ ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಹೋದವರು. ಹೆಂಡತಿ ಮೂವತ್ತು ವರ್ಷ ದೋಸೆಹಿಟ್ಟು ಹುದುಗು ಬರಿಸಿದಾಗ ಚಕಾರ ಎತ್ತದವರು, ತಾವು ಒಂದು ಬಾಟಲಿ ಹಿಟ್ಟು ಹುದುಗು ಬರಿಸಿದ ದಿನ ಬಂಧುಬಳಗಕ್ಕೆಲ್ಲ ಫೋಟೋ ಕಳಿಸುತ್ತಾರೆ.

ನಮ್ಮ ಪಾಲಿಗೆ ಬಂದಿರುವ ತಜ್ಞರು ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ. ಷಡ್ಡಕರ ಸಂಬಂಧದಲ್ಲಿ ಒಂದು ಇಕ್ಕಟ್ಟಿದೆ. ಒಂದೇ ಮಾವನ ಮನೆಗೆ ಇಬ್ಬರು ಅಳಿಯಂದಿರು. ಒಬ್ಬನನ್ನು ಹೊಗಳಿದರೆ ಇನ್ನೊಬ್ಬನನ್ನು ಚಿವುಟಿದ ಲೆಕ್ಕ. ಹಾಗಾಗಿ ನಾನು ಮುಂದೆ ಹೇಳುವುದರಲ್ಲಿ ಅಷ್ಟಿಷ್ಟು ಹೊಟ್ಟೆಕಿಚ್ಚು ಬೆರೆತಿದ್ದರೆ ಓದುವವರು ಸೋಸಿಕೊಳ್ಳಬೇಕು. ಹೆಂಡತಿ ಕರೆಯುವಂತೆ ನಾನೂ ಅವರನ್ನು ಭಾವ ಎಂದೇ ಕರೆಯುತ್ತೇನೆ. ಬೆನ್ನ ಹಿಂದೆ ಎಲ್ಲರಿಗೂ ಅವರು ಬ್ರೆಡ್ ಭಾವ.

ನಮ್ಮ ಮನೆಗಳಲ್ಲಿ ಬ್ರೆಡ್ಡಿಗೆ ಈ ಪರಿ ಮರ್ಯಾದೆ ಹಿಂದೆ ಇರಲಿಲ್ಲ. ಬ್ರೆಡ್ಡು ಮನೆಗೆ ಬಂತೆಂದರೆ ಯಾರಿಗೋ ಜ್ವರ ಬಂದಿದೆ ಎಂದು ಅರ್ಥ. ಡಾಕ್ಟರು ಚೀಟಿಯಲ್ಲಿ ಮಾತ್ರೆ ಬರೆದು ಬಾಯಲ್ಲಿ ‘ಹಾಲು, ಬ್ರೆಡ್ಡು ಕೊಡಿ’ ಎನ್ನುತ್ತಿದ್ದರು. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರ ಕೈಯಲ್ಲಿ ಒಂದು ಪೌಂಡು ಬ್ರೆಡ್ಡು, ಅರ್ಧ ಡಜನ್ ಮೂಸಂಬಿ. ನಮ್ಮಜ್ಜಿಯಂತೂ ಬ್ರೆಡ್ಡನ್ನು ಮಡಿಯಲ್ಲಿ ಮುಟ್ಟುತ್ತಿರಲಿಲ್ಲ. ಯಾರು ನಾದಿದರೋ, ಏನು ಹಾಕಿದರೋ ಎಂಬ ಸಂಶಯ. ಆ ಸಂಶಯಕ್ಕೆ ಬೆಂಗಳೂರಿನಲ್ಲಿ ಉತ್ತರ ಕೊಟ್ಟದ್ದು ಅಯ್ಯಂಗಾರ್ ಬೇಕರಿ. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದದ್ದು 1898ರಲ್ಲಿ. ಮೊಟ್ಟೆಯಿಲ್ಲ, ಮೇಲಾಗಿ ಬೋರ್ಡಿನ ಮೇಲೆ ಅಯ್ಯಂಗಾರ್ ಎಂದು ಬರೆದಿದೆ ಎಂದಮೇಲೆ ಮಡಿಯವರಿಗೂ ಧೈರ್ಯ ಬಂತು. ಖಾರಾ ಬನ್ನು, ದಿಲ್‌ಪಸಂದ್, ಹನಿ ಕೇಕು, ಬೆಣ್ಣೆ ಬಿಸ್ಕತ್ತುಗಳು ಹಿಂಬಾಗಿಲಿನಿಂದ ಬಂದು ನಡುಮನೆಯಲ್ಲಿ ಕೂತವು. ಈಗ ಆ ಹೆಸರಿನ ಬೋರ್ಡು ಯಾವ ಜಾತಿಯವರಾದರೂ ಹಾಕಿಕೊಂಡಿರಬಹುದು. ಖಾರಾ ಬನ್ನು ಮಾತ್ರ ಅದೇ.

ಭಾವನವರ ಮನಸ್ಸು ಬೇಕರಿಯಿಂದ ಮುರಿದದ್ದು 2016ರಲ್ಲಿ. ಆ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಂಗಡಿ ಬ್ರೆಡ್ಡುಗಳ 38 ಮಾದರಿಗಳನ್ನು ಪರೀಕ್ಷೆಗೆ ಒಡ್ಡಿ, ಅವುಗಳಲ್ಲಿ ನೂರಕ್ಕೆ 84ರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಉಳಿಕೆ ಇದೆ ಎಂದಿತು. ಮರುತಿಂಗಳೇ ಸರ್ಕಾರ ಬ್ರೋಮೇಟನ್ನು ನಿಷೇಧಿಸಿತು. ನಾವೆಲ್ಲ ಪೇಪರು ಓದಿ ‘ಅಯ್ಯೋ’ ಎಂದು, ಅದೇ ಪೇಪರಿನ ಮೇಲೆ ತಟ್ಟೆ ಇಟ್ಟುಕೊಂಡು ಬ್ರೆಡ್ ಟೋಸ್ಟ್ ತಿಂದೆವು. ಭಾವ ಹಾಗಲ್ಲ. ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಆಯುಷ್ಯ ಸವೆಸಿ, ಆಗಷ್ಟೇ ನಿವೃತ್ತರಾಗಿ, ತಿರಸ್ಕರಿಸಲು ಏನೂ ಸಿಗದೆ ಚಡಪಡಿಸುತ್ತಿದ್ದ ಮನುಷ್ಯ. ಬ್ರೋಮೇಟು ನಿಷೇಧವಾದರೂ ಅವರು ಬೇಕರಿಯ ಮೇಲಿನ ತಮ್ಮ ನಿಷೇಧವನ್ನು ವಾಪಸು ತೆಗೆದುಕೊಳ್ಳಲಿಲ್ಲ. ‘ಇನ್ನು ಈ ಮನೆಗೆ ಬೇಕರಿ ಪದಾರ್ಥ ಬರಕೂಡದು’ ಎಂದು ಊಟದ ಮೇಜಿನಲ್ಲಿ ಘೋಷಣೆಯಾಯಿತು. ಮರುದಿನ ಒಂದು ಓವನ್ನು ಬಂತು, ಅದರ ಹಿಂದೆ ಗ್ರಾಂ ಲೆಕ್ಕದ ತಕ್ಕಡಿ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕಕ್ಕೂ ಹೋಗಿ ಕಲಿತು ಬಂದರು. ಯೀಸ್ಟ್ ಹಾಕಿ ಮಾಡುತ್ತಿದ್ದ ಆ ದಿನಗಳ ಬ್ರೆಡ್ಡು, ಸುಳ್ಳೇಕೆ ಹೇಳಲಿ, ಬಹಳ ಚೆನ್ನಾಗಿರುತ್ತಿತ್ತು.

ಕೆಡುಗಾಲ ಬಂದದ್ದು 2020ರ ಮಾರ್ಚಿನಲ್ಲಿ. ಲಾಕ್‌ಡೌನಿನಲ್ಲಿ ಅಂಗಡಿಯಿಂದ ಯೀಸ್ಟ್ ಡಬ್ಬಿ ಮಾಯವಾದವು. ಭಾವ ಒಂದು ಗಾಜಿನ ಬಾಟಲಿಯಲ್ಲಿ ಗೋಧಿಹಿಟ್ಟು, ಅಷ್ಟೇ ತೂಕದ ನೀರು ಕಲಸಿಟ್ಟರು. ಎರಡನೆಯ ದಿನ ಅದು ಉಕ್ಕಿತು, ಭಾವ ಕುಣಿದಾಡಿದರು. ಮೂರನೆಯ ದಿನ ನಾರಿ, ಸತ್ತು ಬಿತ್ತು. ಭಾವ ಊಟ ಬಿಟ್ಟರು. ಮೊದಲು ಉಕ್ಕಿಸುವ ಬ್ಯಾಕ್ಟೀರಿಯಾ ಬೇರೆಯಂತೆ, ಹುಳಿ ಏರಿದಮೇಲೆ ಅವು ಸತ್ತು, ಹುಳಿ ತಾಳಿಕೊಳ್ಳುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೂ ಗಾಳಿ-ಹಿಟ್ಟಿನಲ್ಲಿರುವ ಕಾಡು ಯೀಸ್ಟೂ ಜೊತೆಯಾಗಿ ಸಂಸಾರ ಹೂಡಲು ವಾರವೋ ಹತ್ತು ದಿನವೋ ಹಿಡಿಯುತ್ತದಂತೆ. ಹಾಗೆ ಹೂಡಿದ ಸಂಸಾರ ಇವತ್ತಿಗೂ ನಡೆಯುತ್ತಿದೆ. ಭಾವ ಅದನ್ನು ಸ್ಟಾರ್ಟರ್ ಎನ್ನುತ್ತಾರೆ, ಅತ್ತಿಗೆ ‘ನನ್ನ ಸವತಿ’ ಎನ್ನುತ್ತಾರೆ. ಹೊತ್ತುಹೊತ್ತಿಗೆ ಹಳೆಯ ಹಿಟ್ಟು ತೆಗೆದು ಹೊಸದು ಹಾಕಬೇಕು. ತೆಗೆದದ್ದನ್ನು ಚೆಲ್ಲಲು ಮನಸ್ಸು ಬಾರದೆ ಅತ್ತಿಗೆ ಅದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ದೋಸೆ ಹೊಯ್ಯುತ್ತಾರೆ. ಆ ಮನೆಯಲ್ಲಿ ಎಲ್ಲರೂ ನಿಜವಾಗಿ ಇಷ್ಟಪಟ್ಟು ತಿನ್ನುವುದು ಅದನ್ನೇ. ಭಾವನವರ ಕಿವಿಗೆ ಈ ಮಾತು ಹಾಕಿದವರಿಲ್ಲ.

ಅವರ ಬಸವೇಶ್ವರನಗರದ ಮನೆಗೆ ಭಾನುವಾರ ಬೆಳಿಗ್ಗೆ ಹೋಗಬಾರದು. ಹೋದರೆ ಮೆಟ್ಟಿಲಿನವರೆಗೂ ಘಮ್ಮೆನ್ನುವ ವಾಸನೆ. ಮೇಜಿನ ಮೇಲೆ ಜಾಲರಿಯಲ್ಲಿ ಆಗ ತಾನೇ ಓವನ್ನಿನಿಂದ ಇಳಿದ ಬ್ರೆಡ್ಡು, ಮೇಲಿನ ಕಂದು ಹೊರಪದರ ಚಿಟಿಚಿಟಿ ಎನ್ನುತ್ತಿರುತ್ತದೆ. ಬಾಯಲ್ಲಿ ನೀರೂರಿ ಕೈ ಮುಂದೆ ಹೋಗುವಷ್ಟರಲ್ಲಿ ಭಾವ ಅಡ್ಡ ನಿಲ್ಲುತ್ತಾರೆ. ‘ಮುಟ್ಟಬೇಡಪ್ಪಾ! ಒಳಗೆ 96 ಡಿಗ್ರಿ ಇದೆ. ಪಿಷ್ಟ ಇನ್ನೂ ಕೂತಿಲ್ಲ. ಈಗ ಕೊಯ್ದರೆ ಒಳಗೆಲ್ಲ ಅಂಟಂಟು. ಎರಡು ಗಂಟೆ ಆರಬೇಕು.’ ಕಾವಲಿಯಿಂದ ಎದ್ದ ದೋಸೆ ತಟ್ಟೆಗೆ ಬೀಳುವುದು ಅರ್ಧ ನಿಮಿಷ ತಡವಾದರೆ ಮುಖ ಗಂಟುಹಾಕುವ ಕುಲ ನಮ್ಮದು. ಬಿಸಿ ಇರುವಾಗ ತಿನ್ನಕೂಡದ ತಿಂಡಿಯೊಂದನ್ನು ನಮ್ಮ ಕಣ್ಣೆದುರಿಗೆ ಇಟ್ಟು, ಮೂಗಿಗೆ ಅದರ ಪರಿಮಳ ಹಿಡಿಸಿ, ಎರಡು ಗಂಟೆ ಅದರ ಚರಿತ್ರೆ ಹೇಳುವುದು ಯಾವ ನ್ಯಾಯ?

ಚರಿತ್ರೆ ಅಂದರೆ ಸಣ್ಣಪುಟ್ಟದ್ದಲ್ಲ. ಈಜಿಪ್ಟಿನಿಂದ ಶುರುವಾಗಿ ಪ್ಯಾಶ್ಚರನ ಪ್ರಯೋಗಾಲಯದ ಮೂಲಕ ಮಾಡರ್ನ್ ಬ್ರೆಡ್ಡಿಗೆ ಬರುತ್ತದೆ. ಸರ್ಕಾರ 1965ರಲ್ಲಿ ಆ ಬ್ರೆಡ್ ಕಂಪನಿ ಸ್ಥಾಪಿಸಿದ್ದು, 2000ದಲ್ಲಿ ಅದನ್ನು ಹಿಂದೂಸ್ತಾನ್ ಲೀವರಿಗೆ ಮಾರಿದ್ದು. ಇಲ್ಲಿಗೆ ಬಂದಾಗ ಭಾವನವರ ಗಂಟಲು ಕಟ್ಟುತ್ತದೆ. ‘ಮಾರಾಟ ಶುರುವಾದದ್ದೇ ಬ್ರೆಡ್ಡಿನಿಂದ, ನೋಡು’ ಎನ್ನುತ್ತಾರೆ. ಸಾರ್ವಜನಿಕ ವಲಯದ ಪಿಂಚಣಿದಾರರ ಮುಂದೆ ಈ ವಿಷಯದಲ್ಲಿ ಬಾಯಿ ಬಿಡಬಾರದೆಂದು ನಾನು ಕಲಿತಿದ್ದೇನೆ.

ಎರಡು ಗಂಟೆ ಆದಮೇಲೆ ಗರಗಸದಂಥ ಹಲ್ಲಿನ ಚಾಕು ಬರುತ್ತದೆ. ಮೊದಲ ತುಂಡು ಬಾಯಿಗಲ್ಲ, ಕಿಟಕಿಗೆ. ಬೆಳಕಿಗೆ ಹಿಡಿದು ಒಳಗಿನ ತೂತುಗಳನ್ನು ನೋಡಬೇಕು. ತೂತು ದೊಡ್ಡದಾಗಿ, ಒಂದರ ಹಾಗೆ ಇನ್ನೊಂದಿಲ್ಲದೆ ಇದ್ದರೆ ಗೆದ್ದಂತೆ. ನಾಲ್ಕಾರು ಫೋಟೋ ಆಗುತ್ತದೆ. ಆಮೇಲೆ ನಮ್ಮ ತಟ್ಟೆಗೆ ಬರುತ್ತದೆ. ಬೆಣ್ಣೆ ಸವರಿದರೆ ಆ ತೂತಿನಿಂದ ತಟ್ಟೆಗೆ ಇಳಿಯುತ್ತದೆ. ಮೇಲೆ ಪಲ್ಯ ಇಟ್ಟುಕೊಂಡರೆ ಅಂಗಿಯ ಮೇಲಿರುತ್ತದೆ. ‘ಚೆನ್ನಾಗಿದೆ’ ಎಂದರೆ ಸಾಲದು. ‘ಚೆನ್ನಾಗಿದೆ ಅನ್ನೋದು ಅಭಿಪ್ರಾಯ ಅಲ್ಲ. ಹುಳಿ ಹೇಗಿದೆ? ಹೊರಪದರ? ಹೋದ ವಾರಕ್ಕೂ ಇದಕ್ಕೂ ಏನು ವ್ಯತ್ಯಾಸ?’ ಹೋದ ವಾರ ನೀರು ಹಿಟ್ಟಿನ ತೂಕದ ನೂರಕ್ಕೆ 70 ಇತ್ತಂತೆ, ಈ ವಾರ 75. ನಾನು ಹೆಂಡತಿಯ ಮುಖ ನೋಡುತ್ತೇನೆ, ಹೆಂಡತಿ ಅಕ್ಕನ ಮುಖ ನೋಡುತ್ತಾಳೆ, ಅಕ್ಕ ಕಾಫಿ ನೆಪ ಮಾಡಿಕೊಂಡು ಒಳಗೆ ಹೋಗುತ್ತಾರೆ.

ಒಮ್ಮೆ ಧಾರವಾಡದಿಂದ ಜವೆ ಗೋಧಿ ತರಿಸಿದರು. ನಮ್ಮ ನೆಲದ ಹಳೆಯ ಗೋಧಿ, ಅದರಲ್ಲೇ ಬ್ರೆಡ್ ಮಾಡಬೇಕೆಂಬ ಹಠ. ಆ ಗೋಧಿಯಲ್ಲಿ ಉಬ್ಬನ್ನು ಹಿಡಿದಿಡುವಷ್ಟು ಅಂಟಿಲ್ಲ. ಬ್ರೆಡ್ಡು ಓವನ್ನಿನೊಳಗೆ ಅಡ್ಡಡ್ಡ ಹರಡಿಕೊಂಡು ಮಲಗಿತು. ಅವರ ಹಳೆಯ ಸಹೋದ್ಯೋಗಿ, ಧಾರವಾಡದವರು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ‘ಇದರ ಮಾದಲಿ ಮಾಡ್ತೇವ್ರೀ ನಾವು, ಹುಗ್ಗಿ ಮಾಡ್ತೇವಿ. ಪಾಪ, ಇದಕ್ಯಾಕ ಈ ಶಿಕ್ಷಾ?’ ಎಂದರು. ಭಾವ ಆ ವಾರವೆಲ್ಲ ಯಾರಿಗೂ ಫೋಟೋ ಕಳಿಸಲಿಲ್ಲ.

ಇದೆಲ್ಲ ಸಹಿಸಬಹುದು. ನಾನು ಮರೆಯಲಾರದ್ದು ಧರ್ಮಸ್ಥಳದ ಪ್ರಯಾಣ.

ನನ್ನ ಹೆಂಡತಿಯ ತಮ್ಮನ ಮಗುವಿನ ಮುಡಿ ಕೊಡಬೇಕಿತ್ತು. ಏಪ್ರಿಲ್ ರಜೆ, ಎರಡೂ ಕಡೆಯ ನೆಂಟರು ಸೇರಿ ಒಂದು ಟಿ.ಟಿ. ತುಂಬಿತ್ತು. ಭಾವ ಕೊನೆಗೆ ಹತ್ತಿದರು, ಎದೆಗೆ ಒತ್ತಿಕೊಂಡ ಗಾಜಿನ ಬಾಟಲಿಯೊಂದಿಗೆ. ‘ಎರಡು ದಿನಕ್ಕೆ ಫ್ರಿಜ್ಜಿನಲ್ಲಿ ಇಟ್ಟು ಬರಬಹುದಿತ್ತಲ್ಲ ಭಾವ?’ ಎಂದೆ. ಇಡಬಹುದಂತೆ, ವಾರವಾದರೂ ಏನೂ ಆಗುವುದಿಲ್ಲವಂತೆ. ‘ಆದರೆ ಮೊನ್ನೆಯಿಂದ ಸ್ವಲ್ಪ ನಿಧಾನ ಆಗಿತ್ತು. ಈಗ ಚೇತರಿಸಿಕೊಳ್ತಾ ಇದೆ. ಇಂಥ ಹೊತ್ತಲ್ಲಿ ಒಂಟಿಯಾಗಿ ಬಿಡಬಾರದು.’ ಬಾಣಂತಿಯ ವಿಷಯದಲ್ಲಿ ಆಡುವ ದನಿಯಲ್ಲಿ ಹೇಳಿದರು.

ಕುಣಿಗಲ್ ದಾಟುವ ಹೊತ್ತಿಗೆ ಮಕ್ಕಳಿಗೆ ಹಸಿವು. ಹೋಟೆಲಿನ ಮುಂದೆ ಗಾಡಿ ನಿಲ್ಲಿಸುವಂತಿಲ್ಲ, ಭಾವ ತಂದ ಬ್ರೆಡ್ಡಿದೆ. ಹೊರಪದರವನ್ನು ಹಲ್ಲಿನಿಂದ ಕಿತ್ತು ಕಿತ್ತು ಮಕ್ಕಳ ದವಡೆ ಸೋತವು. ಚನ್ನರಾಯಪಟ್ಟಣ, ಹಾಸನ. ಬೆಂಗಳೂರಿಗೆಲ್ಲ ಖಾರಾ ಬನ್ನು ತಿನ್ನಿಸಿದ ಜನರ ತವರು ಜಿಲ್ಲೆ. ರಸ್ತೆಬದಿಯ ಬೇಕರಿಯ ಗಾಜಿನ ಪೆಟ್ಟಿಗೆಯೊಳಗೆ ದಿಲ್‌ಪಸಂದಿನ ತ್ರಿಕೋನಗಳು ಕಾಣುತ್ತಿವೆ, ಮಕ್ಕಳು ಕಿಟಕಿಗೆ ಮೂಗು ಒತ್ತಿದ್ದಾರೆ, ಗಾಡಿ ಮುಂದೆ ಹೋಗುತ್ತಿದೆ. ಒಂದು ಕಡೆ ಮಾತ್ರ ಭಾವನವರೇ ನಿಲ್ಲಿಸಿದರು. ಹೋಟೆಲಿನವನ ಹತ್ತಿರ ಹೋಗಿ 30 ಡಿಗ್ರಿಯ ನೀರು ಕೇಳಿದರು. ‘ಬಿಸ್ಲೇರಿ ಇದೆ ಸಾರ್, ತಣ್ಣಗಿರೋದು ಬೇಕಾ, ಸಾದಾ ಬೇಕಾ?’ ಎಂದನವನು. ಭಾವ ಜೇಬಿನಿಂದ ಥರ್ಮಾಮೀಟರು ತೆಗೆದರು. ಹಿಟ್ಟಿಗೆ ನೀರು-ಹಿಟ್ಟು ಉಣಿಸಿದ್ದಾಯಿತು.

ಸಕಲೇಶಪುರದ ನಂತರ ಶಿರಾಡಿ ಘಾಟಿ. ತಿರುವುಗಳಲ್ಲಿ ತುಳುಕೀತೆಂದು ಭಾವ ಬಾಟಲಿಯ ಮುಚ್ಚಳವನ್ನು ಕ್ಲಿಪ್ ಹಾಕಿ ಭದ್ರ ಮಾಡಿದರು. ಘಟ್ಟ ಇಳಿದ ಹಾಗೆಲ್ಲ ಸೆಖೆ ಏರುತ್ತದೆ, ಗಾಳಿ ಒದ್ದೆಯಾಗುತ್ತದೆ. ನಾವು ಬೀಸಣಿಗೆ ಹುಡುಕುತ್ತಿದ್ದರೆ ಬಾಟಲಿಯೊಳಗಿನವರಿಗೆ ಅದೇ ಸುಗ್ಗಿ. ಹೊಟ್ಟೆತುಂಬ ಉಂಡಿದ್ದವು, ಮೇಲೆ ಬೇಕಾದಷ್ಟು ಶಾಖ. ಹಿಟ್ಟು ಕತ್ತಿನವರೆಗೆ ಏರಿತ್ತು. ಗುಂಡ್ಯದ ಹತ್ತಿರ ಬಂದಾಗ ಭಾವ ‘ಎಷ್ಟು ಚೆನ್ನಾಗಿ ಎದ್ದಿದೆ ನೋಡಿ’ ಎಂದು ಎಲ್ಲರಿಗೂ ತೋರಿಸಲು ಬಾಟಲಿ ಎತ್ತಿಹಿಡಿದು ಕ್ಲಿಪ್ಪು ತೆಗೆದರು.

ಢಬ್ ಎಂದಿತು. ಮುಚ್ಚಳ ಎಗರಿತು. ಹಿಟ್ಟು ಗಾಡಿಯ ಸೂರಿಗೆ ಹೊಡೆದು, ಅಲ್ಲಿಂದ ಜೋತು, ಅತ್ತೆಯವರ ರೇಷ್ಮೆ ಸೀರೆಯ ಅಂಚಿಗೆ, ನನ್ನ ಕನ್ನಡಕಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಮುಡಿ ಕೊಡಬೇಕಾಗಿದ್ದ ಮಗುವಿನ ತಲೆಗೆ ಬಿತ್ತು. ಮಗು ಕಿರುಚಿತು. ಅತ್ತಿಗೆ ಒರೆಸುತ್ತಾ, ‘ಇರಲಿ ಬಿಡಿ, ಹೇಗೂ ನಾಳೆ ಬೋಳಿಸೋ ತಲೆ’ ಎಂದರು. ಗಾಡಿಯೊಳಗೆಲ್ಲ ಹುಳಿಹುಳಿ ಹೆಂಡದ ಘಾಟು. ಡ್ರೈವರು ಗಾಡಿ ಪಕ್ಕಕ್ಕೆ ಹಾಕಿ, ಕೆಳಗಿಳಿದು, ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತ. ‘ಸಾರ್, ಕ್ಷೇತ್ರಕ್ಕೆ ಹೋಗೋ ಗಾಡಿ ಸಾರ್ ಇದು. ನಿಮ್ಮಂಥ ದೊಡ್ಡವರು ಹೀಗೆ ಮಾಡಬಹುದಾ? ವಾಪಸ್ ಬರೋವಾಗ ಆಗಿದ್ರೆ ನಾನೇನೂ ಅಂತಿರಲಿಲ್ಲ.’

ಭಾವ ಅವನಿಗೆ ಕಾಡು ಯೀಸ್ಟಿನ ವಿಷಯ ವಿವರಿಸಲು ಹೊರಟರು. ಸಕ್ಕರೆಯಿಂದ ಗಾಳಿಯೂ ಮದ್ಯವೂ ಹುಟ್ಟುವುದು, ಓವನ್ನಿನಲ್ಲಿ ಮದ್ಯ ಹಾರಿಹೋಗುವುದು. ಅವನಿಗೆ ಮದ್ಯ ಎಂಬ ಮಾತೊಂದೇ ಕೇಳಿಸಿದ್ದು, ಕೈಕಟ್ಟಿದ್ದನ್ನು ಬಿಡಲಿಲ್ಲ. ಪಕ್ಕದಲ್ಲಿ ಒಂದು ಚಹಾದಂಗಡಿ. ಕೈಕಾಲು ತೊಳೆಯಲು ನೀರು ಕೊಟ್ಟ ವಯಸ್ಸಾದ ಹೆಂಗಸು, ಕತ್ತಿನಲ್ಲಿ ಸಣ್ಣ ಶಿಲುಬೆಯ ಸರ, ಬಾಟಲಿಗೆ ಮೂಗು ತಂದು ಮುಖ ಅರಳಿಸಿದರು.

‘ಇದೆಂತ ಮಾರಾಯ್ರೆ, ಸಾನ್ನಾಂಗೆ ಶೇಂದಿ ಹಾಕಿ ಇಟ್ಟ ಹಿಟ್ಟಿನ ಪರಿಮಳ ಅಲ್ವಾ?’

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಅಕ್ಕಿಹಿಟ್ಟಿಗೆ ಶೇಂದಿ ಹಾಕಿ ಉಬ್ಬಿಸಿ ಹಬೆಯಲ್ಲಿ ಬೇಯಿಸುವ ಸಾನ್ನಾಂ ನಾವೂ ತಿಂದಿದ್ದೇವೆ. ಆದರೆ ಭಾವನವರ ಮುಖ ನೋಡಬೇಕಿತ್ತು. ಆ ಹಿಟ್ಟಿನ ವಾಸನೆಗೆ ಪರಿಮಳ ಎಂದವರು ಅವರ ಜೀವಮಾನದಲ್ಲಿ ಆಕೆಯೊಬ್ಬರೇ. ಇಬ್ಬರೂ ಬೆಂಚಿನ ಮೇಲೆ ಕೂತರು. ಶೇಂದಿ ಬೆಳಗಿನದಾದರೆ ಎಷ್ಟು ಹೊತ್ತು, ಸಂಜೆಯದಾದರೆ ಎಷ್ಟು ಹೊತ್ತು. ಮಳೆಗಾಲದಲ್ಲಿ ಹಿಟ್ಟಿನ ಪಾತ್ರೆಯನ್ನು ಒಲೆಯ ಪಕ್ಕ ಎಷ್ಟು ದೂರದಲ್ಲಿ ಇಡಬೇಕು. ಉಬ್ಬಿದ್ದು ಸಾಕೆಂದು ಹೇಗೆ ತಿಳಿಯುವುದು. ‘ಅದು ನೋಡುವಾಗ ಗೊತ್ತಾಗ್ತದಲ್ಲ’ ಎಂದರು ಆಕೆ. ಭಾವ ಅದನ್ನು ಡೈರಿಯಲ್ಲಿ ಬರೆದುಕೊಂಡರು. ಮಕ್ಕಳು ಅಂಗಡಿಯ ಬಿಸ್ಕುಟಂಬಡೆ, ಬಾಳೆಹಣ್ಣಿನ ಬನ್ಸು ಎಲ್ಲ ಖಾಲಿ ಮಾಡಿದರು. ಭಾವ ನೋಡಲಿಲ್ಲ. ನಾವು ಧರ್ಮಸ್ಥಳ ತಲುಪಿದಾಗ ರಾತ್ರಿಯ ಊಟದ ಕೊನೆಯ ಪಂಕ್ತಿ ನಡೆಯುತ್ತಿತ್ತು. ಬಾಟಲಿಯ ತಳದಲ್ಲಿ ಎರಡು ಚಮಚದಷ್ಟು ಉಳಿದಿತ್ತು. ಅಷ್ಟು ಸಾಕಂತೆ, ಅದು ಮತ್ತೆ ಬೆಳೆಯುತ್ತದಂತೆ. ಸೂರಿಗೆ ಅಂಟಿದ್ದು ಒಣಗಿ ಸಿಮೆಂಟಾಗಿ, ಅದನ್ನು ಕೆರೆಸಲು ಕೊಟ್ಟ ಹಣ ಖರ್ಚಿನ ಪಟ್ಟಿಯಲ್ಲಿ ‘ಇತರೆ’ ಎಂದು ನಮೂದಾಗಿ ನನ್ನ ಪಾಲಿಗೂ ಬಂತು.

ಖರ್ಚಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಒಂದು ಬ್ರೆಡ್ಡಿಗೆ ಅರ್ಧ ಕಿಲೋ ಹಿಟ್ಟು, ಓವನ್ ಕಾಯಿಸಲು ಒಂದು ಗಂಟೆ, ಬೇಯಲು ಮುಕ್ಕಾಲು ಗಂಟೆಯ ಕರೆಂಟು, ಬೀಡು ಕಬ್ಬಿಣದ ಮುಚ್ಚಳದ ಪಾತ್ರೆ, ಅದನ್ನು ಎತ್ತಿ ಹಿಡಿದ ಸೊಂಟಕ್ಕೆ ಫಿಸಿಯೋಥೆರಪಿ. ಭಾವ ಹಿಟ್ಟಿನ ಬೆಲೆ ಮಾತ್ರ ಹಿಡಿದು ‘ಬೇಕರಿಗಿಂತ ಅಗ್ಗ’ ಎನ್ನುತ್ತಾರೆ. ನಡುವೆ ಕರೆಂಟು ಹೋದರೆ ಮಾತ್ರ ಅವರನ್ನು ನೋಡಲಾಗುವುದಿಲ್ಲ. ಒಂದು ಸಂಜೆ ಉಬ್ಬಿದ ಹಿಟ್ಟನ್ನು ಬುಟ್ಟಿಯಲ್ಲಿಟ್ಟುಕೊಂಡು ಆಟೋ ಹತ್ತಿ ನಮ್ಮ ಮನೆಗೆ ಬಂದು, ‘ನಿಮ್ಮಲ್ಲಿ ಕರೆಂಟ್ ಇದೆಯಾ?’ ಎಂದು ಬಾಗಿಲಲ್ಲೇ ಕೇಳಿದರು. ಇತ್ತು. ಓವನ್ನು ಇರಲಿಲ್ಲ. ಆ ಗಳಿಗೆಯಲ್ಲಿ ಅವರು ನನ್ನನ್ನು ನೋಡಿದ ನೋಟದಲ್ಲಿ ನನ್ನ ಇಡೀ ಸಂಸಾರದ ಮೌಲ್ಯಮಾಪನ ಇತ್ತು.

ಇಷ್ಟೆಲ್ಲ ದೂರಿದ ಮೇಲೆ ಅತ್ತೆಯವರ ಬ್ರೆಡ್ಡಿನ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅತ್ತೆಗೆ ಎಂಬತ್ತು ದಾಟಿದೆ, ಇರುವುದು ಕಟ್ಟಿಸಿದ ಹಲ್ಲು. ಭಾವನವರ ಹುಳಿ ಬ್ರೆಡ್ಡನ್ನು ಒಮ್ಮೆ ಕಚ್ಚಿ, ಹಲ್ಲಿನ ಸೆಟ್ಟು ಅದರಲ್ಲೇ ಉಳಿದು, ‘ಹಾಲಲ್ಲಿ ನೆನೆಯದ್ದೂ ಒಂದು ಬ್ರೆಡ್ಡೇ?’ ಎಂದಿದ್ದರು. ಭಾವ ಆಗ ಏನೂ ಮಾತಾಡಲಿಲ್ಲ. ಕೆಲವು ದಿನ ಕಳೆದ ಮೇಲೆ ಅತ್ತೆಯ ಮನೆಗೆ ಒಂದು ಬ್ರೆಡ್ಡು ಬಂತು. ಬೆಳ್ಳಗೆ, ಮೃದುವಾಗಿ, ಒತ್ತಿದರೆ ಮತ್ತೆ ಏಳುವಂಥದ್ದು. ಹಿಟ್ಟಿನ ಒಂದು ಪಾಲನ್ನು ಹಾಲಿನಲ್ಲಿ ಗಂಜಿಯಂತೆ ಕಾಯಿಸಿ, ಆರಿಸಿ, ಅದನ್ನು ಸೇರಿಸಿ ನಾದಿದರೆ ನೀರು ಒಳಗೇ ಉಳಿದು ದಿನಗಟ್ಟಲೆ ಮೆತ್ತಗಿರುತ್ತದಂತೆ. ಮೈದಾ, ಬೆಣ್ಣೆ, ಸಕ್ಕರೆ, ಯೀಸ್ಟು, ಹೀಗೆ ಅವರ ಸಿದ್ಧಾಂತಕ್ಕೆ ವಿರುದ್ಧವಾದದ್ದೆಲ್ಲ ಅದರಲ್ಲಿತ್ತು. ಮಂಗಳವಾರ ಮಂಗಳವಾರ ಅದು ಹೋಗುತ್ತದೆ. ಅದರ ಫೋಟೋ ಯಾವತ್ತೂ ಬಂದಿಲ್ಲ, ಅಭಿಪ್ರಾಯ ಕೇಳಿಲ್ಲ. ಅತ್ತೆ ಅದನ್ನು ಹಾರ್ಲಿಕ್ಸಿನಲ್ಲಿ ಅದ್ದಿ ತಿಂದು, ನನ್ನ ಮುಂದೆಯೇ, ‘ದೊಡ್ಡ ಅಳಿಯ ನಮ್ಮನ್ನ ಚೆನ್ನಾಗಿ ನೋಡ್ಕೋತಾರೆ’ ಎನ್ನುತ್ತಾರೆ. ನಾನು ತಿಂಗಳು ತಿಂಗಳು ಬಿ.ಪಿ. ಮಾತ್ರೆ ತಂದುಕೊಡುವವನು. ಮಾತ್ರೆಗೆ ಯಾರು ಹೊಗಳುತ್ತಾರೆ?

ಈಗ ಆ ಮನೆಯಲ್ಲಿ ಇರುವವರು ಇಬ್ಬರು. ಮಗ ಪುಣೆಯಲ್ಲಿ, ಮಗಳು ಜರ್ಮನಿಯಲ್ಲಿ. ಹಿಟ್ಟಿನ ಅಳತೆ ಮಾತ್ರ ನಾಲ್ವರಿದ್ದಾಗಿನದೇ. ಬ್ರೆಡ್ಡು ವಾಚ್‌ಮನ್‌ಗೆ ಹೋಗುತ್ತದೆ, ಹೂವಿನವಳಿಗೆ ಹೋಗುತ್ತದೆ, ನಮ್ಮ ಫ್ರೀಜರಿನಲ್ಲಿ ಐಸ್‌ಕ್ರೀಮಿನ ಜಾಗ ಹಿಡಿದು ಕೂರುತ್ತದೆ. ‘ಸ್ವಲ್ಪ ಕಡಿಮೆ ಮಾಡಿ’ ಎಂದು ಅತ್ತಿಗೆ ಹೇಳಿದರೆ, ಆ ಪಾತ್ರೆಗೆ ಆ ಅಳತೆಯೇ ಸರಿ, ಕಡಿಮೆಯಾದರೆ ಉಬ್ಬು ಬರುವುದಿಲ್ಲ ಎನ್ನುತ್ತಾರೆ. ಚಿಕ್ಕ ಪಾತ್ರೆ ಸಿಗುತ್ತದೆಂದು ಅವರಿಗೂ ಗೊತ್ತು. ಮಕ್ಕಳು ಇಲ್ಲಿದ್ದಾಗ ಅವರ ಬ್ರೆಡ್ಡನ್ನು ಮೂಗು ಮುರಿದುಕೊಂಡೇ ತಿಂದವರು. ಕಾಲೇಜಿನಿಂದ ಬರುವಾಗ ದಾರಿಯಲ್ಲೇ ಖಾರಾ ಬನ್ನು ಮುಗಿಸಿ, ಬಾಯಿ ಒರೆಸಿಕೊಂಡು ಒಳಗೆ ಬರುತ್ತಿದ್ದದ್ದು ನಮಗೆಲ್ಲ ಗೊತ್ತಿದ್ದ ಗುಟ್ಟು.

ಜರ್ಮನಿಯಲ್ಲಿ ಬ್ರೆಡ್ಡಿಗೆ ಬರವೇ? ಮೂರು ಸಾವಿರಕ್ಕೂ ಹೆಚ್ಚು ಬಗೆಯ ಬ್ರೆಡ್ಡನ್ನು ಅಲ್ಲಿ ದಾಖಲೆ ಮಾಡಿಟ್ಟಿದ್ದಾರೆ. 2014ರಲ್ಲಿ ಅದನ್ನು ದೇಶದ ಪರಂಪರೆಯ ಪಟ್ಟಿಗೇ ಸೇರಿಸಿದರು. ರೈ ಹಿಟ್ಟಿಗೆ ಹುಳಿ ಹಾಕದೆ ಸರಿಯಾದ ಬ್ರೆಡ್ಡಾಗುವುದೇ ಇಲ್ಲವೆಂದು ಭಾವ ಹೇಳುವ ಆ ಕಪ್ಪು ಬ್ರೆಡ್ಡು ಅಲ್ಲಿ ಬೀದಿಬೀದಿಯಲ್ಲಿ. ಅವರ ಕಾಶಿಯೇ ಅದು. ಮಗಳು ಕರೆಸಿಕೊಳ್ಳುತ್ತೇನೆ ಎಂದಾಗ ಭಾವ ಉತ್ಸಾಹದಿಂದ, ‘ಏನು ತರಲಿ ಪುಟ್ಟಾ? ಮನೆ ಬ್ರೆಡ್ಡು ಎರಡು ಹಾಕಿಕೊಳ್ಳಲಾ?’ ಎಂದು ಕೇಳಿದರಂತೆ. ಅವಳು, ‘ಅದು ಇಲ್ಲಿ ಎಲ್ಲಾ ಕಡೆ ಇದೆಯಪ್ಪ. ಬೇಕರಿ ಖಾರಾ ಬನ್ ತಗೊಂಡು ಬಾ, ದಿಲ್‌ಪಸಂದ್ ತಾ. ಮತ್ತೆ ಕಾಂಗ್ರೆಸ್ ಕಡಲೆಕಾಯಿ’ ಎಂದಳಂತೆ.

ಇದನ್ನು ಅತ್ತಿಗೆ ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದ್ದರು. ನನಗೆ ಕಣ್ಣಾರೆ ಕಂಡದ್ದು ಅವರು ಹೊರಡುವ ಹಿಂದಿನ ಸಂಜೆ. ಸಂಜೆಯ ಬಿಸಿ ಬನ್ನು ಇಳಿಯುವ ಹೊತ್ತಿಗೆ ಅಯ್ಯಂಗಾರ್ ಬೇಕರಿಯ ಮುಂದೆ ಗುಂಪು. ಗುಂಪಿನಲ್ಲಿ ಭಾವ, ಮಂಕಿ ಕ್ಯಾಪು ಕಿವಿಯವರೆಗೆ ಎಳೆದುಕೊಂಡಿದ್ದಾರೆ, ಚಳಿಗಾಲವೇನಲ್ಲ. ನನ್ನನ್ನು ನೋಡಿ, ‘ಮಗಳಿಗೆ’ ಎಂದರು. ನಾನು ಏನೂ ಕೇಳಿರಲಿಲ್ಲ. ಬನ್ನು ಕಟ್ಟಿಸಿಕೊಂಡವರು ಹೊರಡಲಿಲ್ಲ. ಒಳಗಿನ ಸೌದೆ ಒಲೆಯ ಕಡೆ ಇಣುಕಿ, ‘ಎಷ್ಟು ಡಿಗ್ರಿ ಇಟ್ಟಿರ್ತೀರಿ?’ ಎಂದು ಕೇಳಿದರು. ಬನಿಯನ್ನಿನಲ್ಲಿದ್ದ ಹಾಸನದ ಕಡೆಯ ಹುಡುಗ, ‘ಡಿಗ್ರಿ ಗೊತ್ತಿಲ್ಲ ಸಾರ್. ಕೈ ಒಡ್ಡಿದ್ರೆ ಗೊತ್ತಾಗುತ್ತೆ’ ಎಂದ. ಭಾವ ಕೌಂಟರಿನ ಪಕ್ಕದ ಹಲಗೆ ಎತ್ತಿಸಿ ಒಳಗೇ ಹೋದರು. ಅವನ ಪಕ್ಕ ನಿಂತು ಒಲೆಯ ಬಾಯಿಗೆ ಕೈ ಒಡ್ಡಿದರು. ‘ಇಷ್ಟು?’ ‘ಇನ್ನೂ ಸ್ವಲ್ಪ ಕಮ್ಮಿ ಆಗ್ಬೇಕು ಸಾರ್. ತಾಳಿ.’ ಭಾವ ತಾಳಿದರು. ನಾನು ನನ್ನ ಪಾಲಿನ ಬನ್ನನ್ನು ಅಲ್ಲೇ ನಿಂತು, ಬಿಸಿಬಿಸಿಯಾಗಿ, ಒಬ್ಬರ ಅಪ್ಪಣೆಯೂ ಇಲ್ಲದೆ ತಿಂದೆ.

ಜರ್ಮನಿಯಿಂದ ಅವರು ವಾಪಸು ಬಂದು ಹದಿನೈದು ದಿನ ಆಯಿತು. ಮಗಳು ವಿಮಾನ ನಿಲ್ದಾಣದಲ್ಲೇ ಪೊಟ್ಟಣ ಬಿಚ್ಚಿ, ಸುಕ್ಕಾಗಿ ಹೋಗಿದ್ದ ಖಾರಾ ಬನ್ನನ್ನು ಅಲ್ಲೇ ತಿಂದು ಕಣ್ಣೊರೆಸಿಕೊಂಡಳಂತೆ. ‘ಮೆಣಸಿನಕಾಯಿ ಖಾರಕ್ಕೆ’ ಎಂದು ಭಾವನವರ ವಿವರಣೆ. ಈಗ ಅವರ ಓವನ್ನಿನಲ್ಲಿ ಖಾರಾ ಬನ್ನಿನ ಪ್ರಯೋಗ ನಡೆದಿದೆ. ಕರಿಬೇವು ಎಷ್ಟು ಗ್ರಾಂ, ಈರುಳ್ಳಿ ಹಸಿಯೋ ಬಾಡಿಸಿದ್ದೋ ಎಂದೆಲ್ಲ ದಿನಕ್ಕೊಂದು ಬ್ಯಾಚು ನಮ್ಮ ಮನೆಗೆ ಬರುತ್ತದೆ, ಜೊತೆಯಲ್ಲೇ ಪ್ರಶ್ನಾವಳಿ. ಅಲ್ಲಿಂದ ಬರುವಾಗ ಅವರು ಸುಮ್ಮನೆ ಬಂದಿಲ್ಲ. ಮಗಳ ಮನೆಯ ಕೆಳಗಿನ ಬೇಕರಿಯವನಿಂದ ಪಡೆದ ರೈ ಹಿಟ್ಟಿನ ಹುಳಿಯನ್ನು ತೆಳ್ಳಗೆ ಬಳಿದು ಒಣಗಿಸಿ, ಪುಡಿ
ಮಾಡಿ, ಕವರಿನಲ್ಲಿ ತಂದಿದ್ದಾರೆ. ನೀರು ಬೆರೆಸಿದಾಗ ಅದು ಎದ್ದು ಕೂತಿದೆ. ಒಂದೇ ಮನೆಯಲ್ಲಿ ಎರಡು ಇಟ್ಟರೆ ಬೆರಕೆಯಾಗುತ್ತದಂತೆ. ಆದ್ದರಿಂದ ಜರ್ಮನಿಯದು ಮೊನ್ನೆಯಿಂದ ನಮ್ಮ ಅಡುಗೆಮನೆಯಲ್ಲಿ, ಕಾಫಿ ಫಿಲ್ಟರಿನ ಪಕ್ಕ ಇದೆ. ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ಹಿಟ್ಟು ಹಾಕಬೇಕು. ಬಾಟಲಿಯ ಜೊತೆ ಭಾವ ಒಂದು ತಖ್ತೆಯನ್ನೂ ಕೊಟ್ಟು ಹೋಗಿದ್ದಾರೆ: ದಿನಾಂಕ, ಹೊತ್ತು, ತೂಕ, ಕೋಣೆಯ ಉಷ್ಣಾಂಶ, ಷರಾ. ಕೊನೆಯ ಅಂಕಣದಲ್ಲಿ ಜವಾಬ್ದಾರರ ಸಹಿ. ಅದರ ಕೆಳಗೆ ನನ್ನ ಹೆಸರನ್ನು ಟೈಪ್ ಮಾಡಿಸಿಯೇ ತಂದಿದ್ದರು.